ಓದುಗರ ಚಿತ್ರಪುಟದಲ್ಲಿ ಮಾಮೂಲಿ ದಿನಕ್ಕೂ ಒಂದು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುವ ಓದುಗರ ಚಿತ್ರಪುಟವನ್ನು ನಾನು ತಪ್ಪದೆ ನೋಡುತ್ತೇನೆ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಜಲಪಾತ, ಮಂಜು ಮುಸುಕಿದ ಬೆಟ್ಟ, ರೆಕ್ಕೆ ಬಿಚ್ಚಿದ ಹಕ್ಕಿ, ಮುಳುಗುವ ಸೂರ್ಯ. ಸೂರ್ಯ ಸ್ವಲ್ಪ ಜಾಸ್ತಿಯೇ ಮುಳುಗುತ್ತಾನೆ ಅನ್ನಿ. ಪುಟದ ತಲೆಯಲ್ಲಿ ನೀವು ಅತ್ಯುತ್ತಮ ಚಿತ್ರ ಕಳಿಸಿ ಎಂದು ಕೇಳುತ್ತೀರಿ. ಹಾಗೆ ಕೇಳಿದರೆ ಜನ ಬೆಟ್ಟ ಹತ್ತದೆ ಇನ್ನೇನು ಮಾಡುತ್ತಾರೆ? ಆದರೆ ಬೆಟ್ಟ ಹತ್ತಿದ್ದು ವರ್ಷದಲ್ಲಿ ಒಂದು ದಿನ. ಉಳಿದ ದಿನಗಳಲ್ಲಿ ಅವರೆಲ್ಲ ಏನು ನೋಡಿದರು ಅನ್ನುವ ಕುತೂಹಲ ನನಗೆ. ಪುಟದ ಒಂದು ಮೂಲೆಯನ್ನು, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಜಾಗವನ್ನು, ಮಾಮೂಲಿ ದಿನದ ಮಾಮೂಲಿ ಚಿತ್ರಕ್ಕೆ ಬಿಟ್ಟುಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನೇನು ಫೋಟೊಗ್ರಾಫರ್ ಅಲ್ಲ. ಕನ್ನಡಕ ಜೋಡಿಸುವವಳು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು, ಸಡಿಲವಾದ ಕಡ್ಡಿಗೆ ಸ್ಕ್ರೂ ಹಾಕುವುದು, ಮೂಗಿನ ಮೇಲೆ ಕೂರುವ ಪುಟ್ಟ ಪ್ಯಾಡ್ ಬದಲಿಸುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ದಿನಕ್ಕೊಂದು ಫೋಟೊ ತೆಗೆಯುತ್ತಿದ್ದೇನೆ. ಫೋನಿನಲ್ಲೇ. ಎಲ್ಲಿಗೂ ಹೋಗಿ ತೆಗೆಯುವುದಿಲ್ಲ. ಕೂತಲ್ಲಿ, ನಿಂತಲ್ಲಿ, ದಾರಿಯಲ್ಲಿ ಏನು ಸಿಕ್ಕಿತೋ ಅದು.

ಈ ಅಭ್ಯಾಸ ಬಂದ ಮೇಲೆ ಕಣ್ಣಿಗೆ ಬಿದ್ದ ಒಂದು ಸಂಗತಿ ಹೇಳುತ್ತೇನೆ. ಓದುವ ಕನ್ನಡಕ ಮೊದಲ ಸಲ ಹಾಕಿಕೊಂಡವರಿಗೆ ನಾನು ಕನ್ನಡಿ ಹಿಡಿಯುತ್ತೇನೆ. ಹೇಗೆ ಕಾಣುತ್ತದೆ ನೋಡಿಕೊಳ್ಳಲಿ ಅಂತ. ಆದರೆ ತುಂಬಾ ಜನ ಕನ್ನಡಿ ನೋಡುವುದೇ ಇಲ್ಲ. ಮೊದಲು ತಮ್ಮ ಕೈ ನೋಡಿಕೊಳ್ಳುತ್ತಾರೆ. ಅಂಗೈಯನ್ನು ಹತ್ತಿರ ತರುತ್ತಾರೆ, ದೂರ ಒಯ್ಯುತ್ತಾರೆ, ಮತ್ತೆ ಹತ್ತಿರ ತರುತ್ತಾರೆ. ಆಮೇಲೆ ಮಗುಚಿ ಉಗುರು ನೋಡುತ್ತಾರೆ. ಒಬ್ಬ ಅಜ್ಜಿ ಮುಂಗೈ ಮೇಲಿನ ಕಂದು ಚುಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡಿ, "ಇದು ಯಾವಾಗ ಬಂತಮ್ಮಾ?" ಎಂದು ನನ್ನನ್ನೇ ಕೇಳಿದರು. ಇಷ್ಟು ವರ್ಷ ನನ್ನ ಮುಂದೆಯೇ ಇದು ನಡೆಯುತ್ತಿತ್ತು. ನಾನು ಬಿಲ್ ಬರೆಯುತ್ತಿದ್ದೆ. ಇವತ್ತಿನ ಫೋಟೊ ಏನು ಎಂದು ಹುಡುಕುವ ಕಣ್ಣು ಬಂದ ಮೇಲೆ ಕಾಣಿಸಿತು. ಕೇಳಿ ಒಪ್ಪಿಗೆ ಪಡೆದು, ಮುಖ ಬಿಟ್ಟು ಕೈ ಮಾತ್ರ ತೆಗೆಯುತ್ತೇನೆ. ಬೇಡ ಅಂದವರೂ ಇದ್ದಾರೆ. ಅವರದ್ದು ತೆಗೆದಿಲ್ಲ.

ಇಂಥ ಸಣ್ಣ ವಿಷಯಕ್ಕೆಲ್ಲ ಫೋಟೊ ಯಾಕೆ ಎಂದು ಕೇಳುವವರಿಗೆ ನಾನು 1838ರ ಒಂದು ಚಿತ್ರ ತೋರಿಸುತ್ತೇನೆ. ಪ್ಯಾರಿಸ್‌ನಲ್ಲಿ ಫೋಟೊ ತೆಗೆಯುವ ವಿಧಾನ ಕಂಡುಹಿಡಿದವರಲ್ಲಿ ಒಬ್ಬನಾದ ಲೂಯಿ ಡಾಗೇರ್ ತನ್ನ ಕಿಟಕಿಯಿಂದ ಒಂದು ದೊಡ್ಡ ಬೀದಿಯ ಚಿತ್ರ ತೆಗೆದ. ಆ ಬೀದಿ ಗಾಡಿ, ಕುದುರೆ, ಜನರಿಂದ ತುಂಬಿತ್ತು. ಚಿತ್ರದಲ್ಲಿ ಮಾತ್ರ ಖಾಲಿ ಖಾಲಿ. ಯಾಕೆಂದರೆ ಆಗ ಫಿಲ್ಮಿನ ಬದಲು ಬಳಸುತ್ತಿದ್ದ ಲೋಹದ ತಟ್ಟೆಯ ಮೇಲೆ ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು. ಅಷ್ಟು ಹೊತ್ತಿನಲ್ಲಿ ಓಡಾಡುವವರು ಯಾರೂ ಒಂದೇ ಕಡೆ ನಿಲ್ಲಲಿಲ್ಲ, ಹಾಗಾಗಿ ಮೂಡಲೂ ಇಲ್ಲ. ಉಳಿದದ್ದು ಕೆಳಗಿನ ಮೂಲೆಯಲ್ಲಿ ಒಂದು ಕಾಲು ಎತ್ತಿಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ ಒಬ್ಬ, ಮತ್ತು ಅವನ ಕಾಲ ಬುಡದಲ್ಲಿ ಮಸುಕು ಮಸುಕಾಗಿ ಪಾಲಿಶ್ ಮಾಡುವವನು. ಮನುಷ್ಯ ಕಾಣುವ ಫೋಟೊಗಳಲ್ಲಿ ಈವರೆಗೆ ಗೊತ್ತಿರುವ ಅತಿ ಹಳೆಯದು ಅದೇ ಅನ್ನುತ್ತಾರೆ. ರಾಜನಿಲ್ಲ, ಸೇನಾಪತಿಯಿಲ್ಲ. ಅವರಿಬ್ಬರ ಹೆಸರೂ ಯಾರಿಗೂ ಗೊತ್ತಿಲ್ಲ. ಫೋಟೊ ಅನ್ನುವುದರಲ್ಲಿ ಮನುಷ್ಯ ಕಾಲಿಟ್ಟಿದ್ದೇ ಬೂಟು ಪಾಲಿಶ್‌ಗೆ ನಿಂತು!

ನಮ್ಮ ಟಿ.ಎಸ್. ಸತ್ಯನ್ ಅವರನ್ನೇ ನೋಡಿ. ಪತ್ರಿಕೆಗಳಿಗಾಗಿ ದೊಡ್ಡ ದೊಡ್ಡವರ ಫೋಟೊ ತೆಗೆದವರು. ಆದರೂ ಅವರ ಹೆಸರು ಹೇಳಿದರೆ ನೆನಪಿಗೆ ಬರುವುದು ಮಕ್ಕಳು, ತಮ್ಮ ಪಾಡಿಗೆ ಕೆಲಸ ಮಾಡುವ ಜನ.

ಈಗ ನಮ್ಮ ಮನೆಯ ಒಂದು ಫೋಟೊ ವಿಷಯ. ಮಳೆ ಬರುತ್ತಿದ್ದಾಗ ಕಿಟಕಿಯಲ್ಲಿ ಕೂತ ಬೆಕ್ಕನ್ನು ತೆಗೆದಿದ್ದೆ. ಬೆಕ್ಕು ಚೆನ್ನಾಗಿ ಬಂದಿದೆ, ಮೀಸೆ ಸಹ ಎಣಿಸಬಹುದು. ಈಗ ಆ ಫೋಟೊ ಹೊರಗೆ ತೆಗೆದರೆ ಮನೆಯಲ್ಲಿ ಯಾರೂ ಬೆಕ್ಕನ್ನು ನೋಡುವುದಿಲ್ಲ. ಎಲ್ಲರ ಬೆರಳು ಹೋಗುವುದು ಎಡಗಡೆಯ ಅಂಚಿಗೆ. ಅಲ್ಲಿ ಅರ್ಧ ಕತ್ತರಿಸಿ ಹೋದ ಲ್ಯಾಂಡ್‌ಲೈನ್ ಫೋನಿದೆ. ಅದರ ಸುರುಳಿ ವೈರು ಗಂಟುಗಂಟಾಗಿದೆ. ಮೇಲಿನ ಗೋಡೆಯಲ್ಲಿ ಪೆನ್ಸಿಲ್‌ನಿಂದ ಬರೆದ ನಂಬರುಗಳು. ಅಪ್ಪನ ಅಕ್ಷರ. ಅಪ್ಪ ಸೊನ್ನೆಯನ್ನು ಪೂರ್ತಿ ಮುಚ್ಚುತ್ತಿರಲಿಲ್ಲ, ಮೇಲೆ ಸ್ವಲ್ಪ ಬಾಯಿ ಬಿಟ್ಟಿರುತ್ತಿತ್ತು. ಅದು ಸೊನ್ನೆಯೋ ಆರೋ ಅಂತ ತಿಳಿಯದೆ ಯಾರ್‍ಯಾರಿಗೋ ಫೋನ್ ಹೋಗಿ ಜಗಳವಾಗುತ್ತಿತ್ತು. ಆಮೇಲೆ ಫೋನ್ ತೆಗೆಸಿದೆವು. ಗೋಡೆಗೆ ಬಣ್ಣ ಹೊಡೆಸಿದೆವು. ಅಪ್ಪನೂ ಈಗಿಲ್ಲ. ಅಪ್ಪನ ಫೋಟೊಗಳು ಬೇಕಾದಷ್ಟಿವೆ, ಎಲ್ಲದರಲ್ಲೂ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು ಬಿಮ್ಮನೆ ನಿಂತಿದ್ದಾರೆ. ಆ ಬಾಯಿಬಿಟ್ಟ ಸೊನ್ನೆ ಇರುವುದು ಬೆಕ್ಕಿನ ಫೋಟೊದಲ್ಲಿ ಮಾತ್ರ.

ಹಳೆಯ ಆಲ್ಬಂ ತೆಗೆದಾಗ ನಿಮಗೂ ಹೀಗೇ ಆಗುತ್ತದೆ ಅಲ್ವಾ? ಸಾಲಾಗಿ ನಿಂತವರ ಮುಖ ಒಂದು ಸಲ ನೋಡಿ ಮುಗಿಸುತ್ತೇವೆ. ಆಮೇಲೆ ಹಿಂದಿನ ಪರದೆ, ರೇಡಿಯೊ, ಬಾಗಿಲ ಚಿಲಕ, ಯಾರದ್ದೋ ಚಪ್ಪಲಿ. ಆಗ ಅದೆಲ್ಲ ಅಡ್ಡ ಬಂದಿತ್ತು ಅನ್ನಿಸಿರುತ್ತದೆ. ಫೋಟೊ ತೆಗೆಯುವವರು "ಆ ಸ್ಟೂಲು ಪಕ್ಕಕ್ಕೆ ಸರಿಸಿ" ಅಂದಿರುತ್ತಾರೆ. ಸರಿಸದೆ ಬಿಟ್ಟಿದ್ದಕ್ಕೆ ಈಗ ಖುಷಿ.

ಇದರ ಬಗ್ಗೆ ಪ್ರಯೋಗವನ್ನೂ ಮಾಡಿದ್ದಾರೆ. ಹಾರ್ವರ್ಡ್‌ನ ಸಂಶೋಧಕಿ ಟಿಂಗ್ ಝಾಂಗ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಂದ ಅವರ ಆ ಹೊತ್ತಿನ ಸಾಮಾನ್ಯ ಸಂಗತಿಗಳನ್ನು ಬರೆಸಿಟ್ಟುಕೊಂಡರು. ಇತ್ತೀಚೆಗೆ ಆಡಿದ ಮಾತು, ಕೇಳುತ್ತಿರುವ ಹಾಡು, ಗೆಳೆಯರ ನಡುವಿನ ಒಂದು ತಮಾಷೆ, ಇಂಥವು. ಕೆಲವು ತಿಂಗಳ ನಂತರ ಇದನ್ನು ಓದಲು ಎಷ್ಟು ಕುತೂಹಲ ಇರಬಹುದು ಎಂದು ಮೊದಲೇ ಕೇಳಿದರು. ವಿದ್ಯಾರ್ಥಿಗಳು ಅಷ್ಟೇನಿಲ್ಲ ಅನ್ನುವ ಹಾಗೆ ಅಂದಾಜು ಹಾಕಿದರು. ಮೂರು ತಿಂಗಳ ಮೇಲೆ ಕೈಗೆ ಕೊಟ್ಟಾಗ ಅಂದಾಜಿಗಿಂತ ಕುತೂಹಲ ಜಾಸ್ತಿಯೇ ಇತ್ತು. ಇನ್ನೊಂದು ಪ್ರಯೋಗದಲ್ಲಿ ಪ್ರೇಮಿಗಳ ದಿನವನ್ನೂ ಒಂದು ಸಾದಾ ದಿನವನ್ನೂ ಹೋಲಿಸಿ ನೋಡಿದರು. ಅಂದಾಜು ನಿಜವಾದ ಕುತೂಹಲಕ್ಕಿಂತ ಜಾಸ್ತಿ ಕೆಳಗಿದ್ದದ್ದು ಸಾದಾ ದಿನದ ವಿಷಯದಲ್ಲಿ. ವಿಶೇಷ ದಿನ ನೆನಪಿರುತ್ತದೆ ಎಂದು ನಮಗೆ ಗೊತ್ತಿರುತ್ತದೆ, ಹಾಗೆಯೇ ಇರುತ್ತದೆ. ಸಾದಾ ದಿನ ಮರೆತುಹೋಗಿರುತ್ತದೆ, ಆದ್ದರಿಂದಲೇ ಸಿಕ್ಕಾಗ ಹೊಸದು ಅನ್ನಿಸುತ್ತದೆ.

ನಮ್ಮ ಯಜಮಾನರು ಇದಕ್ಕೆ ತಕರಾರು ತೆಗೆಯುತ್ತಾರೆ. "ಫೋಟೊ ತೆಗೀತಾ ಕೂತ್ರೆ ನೋಡೋದು ಯಾವಾಗ?" ಅಂತ. ಅವರ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಲಿಂಡಾ ಹೆಂಕೆಲ್ ಎಂಬ ಮನಃಶಾಸ್ತ್ರಜ್ಞೆ, ಅದೂ 2014ರಲ್ಲೇ, ಇದನ್ನು ತೋರಿಸಿಕೊಟ್ಟಿದ್ದಾರೆ. ಜನರನ್ನು ಒಂದು ಮ್ಯೂಸಿಯಂ ಸುತ್ತಾಡಿಸಿ, ಕೆಲವು ವಸ್ತುಗಳನ್ನು ಸುಮ್ನೆ ನೋಡಲು, ಕೆಲವನ್ನು ಫೋಟೊ ತೆಗೆಯಲು ಹೇಳಿದರು. ಮರುದಿನ ಕೇಳಿದರೆ, ಫೋಟೊ ತೆಗೆದವುಗಳಿಗಿಂತ ಸುಮ್ನೆ ನೋಡಿದ ವಸ್ತುಗಳೇ ಚೆನ್ನಾಗಿ ನೆನಪಿದ್ದವು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಅಂತ ತಲೆ ಕೈಬಿಟ್ಟ ಹಾಗೆ. ಯಜಮಾನರು ಅಲ್ಲಿಗೆ ನಿಲ್ಲಿಸಿ ಗೆದ್ದೆ ಅನ್ನುತ್ತಾರೆ. ಆದರೆ ಅದೇ ಪ್ರಯೋಗದ ಇನ್ನರ್ಧ ಇದೆ. ವಸ್ತುವಿನ ಒಂದು ಭಾಗಕ್ಕೆ, ಪ್ರತಿಮೆಯ ಪಾದಕ್ಕೋ ಇನ್ನೊಂದಕ್ಕೋ, ಝೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಂದಲಿಲ್ಲ. ತೆಗೆಯದೆ ಉಳಿದ ಭಾಗವೂ ನೆನಪಿತ್ತು. ಹತ್ತಿರ ಹೋಗಿ ಒಂದನ್ನೇ ಆರಿಸಬೇಕಾದರೆ ಮೊದಲು ನೋಡಲೇಬೇಕು. ಒಂದೇ ಸಂಜೆಗೆ ಇನ್ನೂರು ಫೋಟೊ ಹೊಡೆದರೆ ಯಜಮಾನರು ಹೇಳಿದ್ದು ಸರಿ. ದಿನಕ್ಕೆ ಒಂದೇ ಆದರೆ ನಾನು ಹೇಳಿದ್ದು ಸರಿ. ನಮ್ಮಿಬ್ಬರ ನಡುವೆ ಸದ್ಯಕ್ಕೆ ಹೀಗೆ ರಾಜಿಯಾಗಿದೆ.

ಒಂದೇ ಅನ್ನುವ ಈ ನಿಯಮ ನನ್ನದಲ್ಲ. ಅಮೆರಿಕದ ಜೇಮಿ ಲಿವಿಂಗ್‌ಸ್ಟನ್ ಎಂಬಾತ 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೊಲರಾಯ್ಡ್ ಚಿತ್ರ ತೆಗೆಯಲು ಶುರು ಮಾಡಿದ. ಪೊಲರಾಯ್ಡ್ ಅಂದರೆ ತೆಗೆದ ತಕ್ಷಣ ಕ್ಯಾಮೆರಾದಿಂದಲೇ ಕಾಗದ ಹೊರಬರುವಂಥದ್ದು. ಚೆನ್ನಾಗಿ ಬಂದಿಲ್ಲ ಅಂತ ಅಳಿಸುವ ಹಾಗಿಲ್ಲ. ಗೆಳೆಯರು, ಊಟದ ಮೇಜು, ಕೋಣೆ, ಬೀದಿ, ಹೀಗೆ ಹದಿನೆಂಟು ವರ್ಷ ಸಾಗಿತು. ಆಮೇಲೆ ಕಾಯಿಲೆ, ಆಸ್ಪತ್ರೆ. ಕೊನೆಕೊನೆಯ ಚಿತ್ರಗಳ ನಡುವೆ ಮದುವೆಯದ್ದೂ ಇದೆ. 1997ರ ಅಕ್ಟೋಬರ್ 25ರಂದು, ತನ್ನ 41ನೇ ಹುಟ್ಟುಹಬ್ಬದ ದಿನವೇ, ಆತ ತೀರಿಕೊಂಡ. ಅವತ್ತಿನದ್ದೂ ಒಂದು ಚಿತ್ರವಿದೆ. ಗೆಳೆಯರು ಆರು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿ 2007ರಲ್ಲಿ ಪ್ರದರ್ಶನಕ್ಕಿಟ್ಟರು. ಬಿಡಿಬಿಡಿಯಾಗಿ ನೋಡಿದರೆ ಎಷ್ಟೋ ಚಿತ್ರಗಳಲ್ಲಿ ಅಂಥದ್ದೇನೂ ಇಲ್ಲ. ಸ್ಪರ್ಧೆಗೆ ಕಳಿಸಿದ್ದರೆ ಮೊದಲ ಸುತ್ತಿನಲ್ಲೇ ಹೊರಗೆ.

ಏನೂ ಸಿಗದ ದಿನ ಏನು ಮಾಡುತ್ತೀರಿ ಎಂದು ನಮ್ಮ ಅಂಗಡಿಯ ಹುಡುಗ ಕೇಳುತ್ತಿರುತ್ತಾನೆ. ಅಂಥ ದಿನ ಕಿಟಕಿಯ ಹತ್ತಿರ ಹೋಗುತ್ತೇನೆ, ಅಷ್ಟೇ. ಪ್ರಾಗ್‌ನ ಫೋಟೊಗ್ರಾಫರ್ ಜೋಸೆಫ್ ಸುಡೆಕ್‌ಗೆ ಒಂದೇ ಕೈ. ಬಲಗೈ ಮೊದಲ ಮಹಾಯುದ್ಧದಲ್ಲಿ ಹೋಗಿತ್ತು. ಎರಡನೇ ಮಹಾಯುದ್ಧದಲ್ಲಿ ಊರು ಜರ್ಮನರ ಕೈ ಸೇರಿ, ಹೊರಗೆ ಕ್ಯಾಮೆರಾ ಹಿಡಿದು ಓಡಾಡುವುದು ಕಷ್ಟವಾದಾಗ, ಆತ ತನ್ನ ಸ್ಟುಡಿಯೊದ ಕಿಟಕಿಯನ್ನೇ ತೆಗೆಯತೊಡಗಿದ. 1940ರಿಂದ 1954ರವರೆಗೆ ಅದೇ ಕಿಟಕಿ. ಗಾಜಿನ ಮೇಲೆ ಆವಿ, ಇಳಿಯುವ ಹನಿ, ಹೆಪ್ಪುಗಟ್ಟಿದ ಹಿಮ, ಆಚೆ ಒಂದು ಸೊಟ್ಟ ಮರ. ನಾನು ಸುಡೆಕ್ ಅಲ್ಲ, ಗೊತ್ತು. ಕಿಟಕಿಯಂತೂ ನಮ್ಮ ಹತ್ತಿರವೂ ಇದೆಯಲ್ಲ.

ಶುರು ಮಾಡುವವರಿಗೆ ನನ್ನ ಕಸುಬಿನ ಕಡೆಯಿಂದ ಕೆಲವು ಮಾತು. ಕನ್ನಡಕದ ಗಾಜನ್ನು ದಿನಕ್ಕೆ ಹತ್ತು ಸಲ ಒರೆಸುವವರೂ ಫೋನಿನ ಹಿಂದಿನ ಲೆನ್ಸ್ ಒರೆಸುವುದಿಲ್ಲ. ಬೆರಳು ಅಲ್ಲೇ ತಾಗುತ್ತಿರುತ್ತದೆ, ಎಣ್ಣೆ ಜಿಡ್ಡು ಕೂತಿರುತ್ತದೆ. ದೀಪದ ಸುತ್ತ ಹೊಗೆ ಹಿಡಿದ ಹಾಗೆ ಬಂದರೆ ಕ್ಯಾಮೆರಾ ಹಾಳಾಗಿದೆ ಎಂದು ಹೊಸ ಫೋನಿಗೆ ಹಣ ಸುರಿಯಬೇಡಿ. ಮೆತ್ತಗಿನ ಒಣ ಬಟ್ಟೆಯಲ್ಲಿ ಒಂದು ಸಲ ಒರೆಸಿ.

ಕನ್ನಡಕ ಹಾಕಿದವರ ಫೋಟೊದಲ್ಲಿ ಗಾಜಿಗೆ ಕಿಟಕಿ ಹೊಳೆದು ಕಣ್ಣೇ ಕಾಣುವುದಿಲ್ಲ. ಕನ್ನಡಕ ತೆಗೆಯಿರಿ ಅನ್ನಬೇಡಿ, ತೆಗೆದರೆ ಅವರು ಅವರ ಹಾಗೆ ಇರುವುದಿಲ್ಲ. ಗಲ್ಲ ಚೂರು ತಗ್ಗಿಸಲಿ. ಇಲ್ಲವೇ ಕಿವಿಯ ಹತ್ತಿರ ಕಡ್ಡಿಯನ್ನು ಕೂದಲೆಳೆಯಷ್ಟು ಮೇಲೆತ್ತಲಿ. ಗಾಜು ಮುಂದಕ್ಕೆ ಬಾಗಿ ಹೊಳಪು ಕೆಳಗೆ ಹೋಗುತ್ತದೆ. ಇನ್ನು, ಸೆಲ್ಫಿ ನೋಡಿಕೊಂಡು "ಈ ಫ್ರೇಮಲ್ಲಿ ಮೂಗು ದಪ್ಪ ಕಾಣ್ಸುತ್ತೆ" ಎಂದು ವಾಪಸ್ ತರುವವರು ಇದ್ದಾರೆ. ಅದು ಫ್ರೇಮಿನ ತಪ್ಪಲ್ಲ, ಮೂಗಿನದ್ದೂ ಅಲ್ಲ. ತೀರಾ ಹತ್ತಿರದಿಂದ ತೆಗೆದರೆ ಮುಂದಿರುವುದು ದೊಡ್ಡದಾಗಿ, ಹಿಂದಿರುವುದು ಚಿಕ್ಕದಾಗಿ ಕಾಣುತ್ತದೆ. ನಾಲ್ಕೈದು ಅಡಿ ದೂರ ನಿಂತು ಬೇರೆಯವರು ತೆಗೆದರೆ ಮೂಗು ತನ್ನ ಅಳತೆಗೆ ಬರುತ್ತದೆ.

ಫೋನಿನ ಪರದೆಯಲ್ಲಿ ಬೆಳಕು ಜಾಸ್ತಿ ಕಾಣುವ ಕಡೆ ಒತ್ತಿದರೆ ಚಿತ್ರ ಕಪ್ಪಾಗುತ್ತದೆ, ನೆರಳಿನ ಕಡೆ ಒತ್ತಿದರೆ ಬೆಳ್ಳಗಾಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಹಳೆಯ ಫೋನು ಎಂದು ಹಿಂಜರಿಯಬೇಡಿ. ಆಲ್ಬಂಗೆ ಹಾಕುವ 4 × 6 ಇಂಚಿನ ಪ್ರಿಂಟಿಗೆ 1200 × 1800 ಪಿಕ್ಸೆಲ್ ಇದ್ದರೆ ಚೊಕ್ಕವಾಗಿ ಬರುತ್ತದೆ. ಅಂದರೆ ಸುಮಾರು 2 ಮೆಗಾಪಿಕ್ಸೆಲ್. ಡ್ರಾಯರ್‌ನಲ್ಲಿ ಬಿದ್ದಿರುವ ಹಳೆಯ ಸ್ಮಾರ್ಟ್ ಫೋನಿಗೂ ಅಷ್ಟಿರುತ್ತದೆ.

ಎಲ್ಲಕ್ಕಿಂತ ಮುಖ್ಯ, ಒಂದು ಸಾಲು ಬರೆದಿಡಬೇಕು. ಫೋನ್ ತಾರೀಖು, ಗಂಟೆ, ನಿಮಿಷ ಎಲ್ಲ ದಾಖಲಿಸುತ್ತದೆ, ನಿಜ. ಆದರೆ ಆ ಕೈ ಯಾರದ್ದು, ಆಗ ಯಾರು ಏನೆಂದರು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಬರೆಯುವಾಗ ಸುಂದರ ಮುಂಜಾವು ಅಂತೆಲ್ಲ ಬರೆಯಬೇಡಿ. "ಚಿಕ್ಕಮ್ಮ ಸೂಜಿಗೆ ದಾರ ಪೋಣಿಸಲು ಒದ್ದಾಡಿ ಕೊನೆಗೆ ನನ್ನ ಕೈಗೆ ಕೊಟ್ಟರು" ಎಂದು ಬರೆಯಿರಿ. ನಾನು ತಿಂಗಳಿಗೊಮ್ಮೆ ಕೆಲವನ್ನು ಪ್ರಿಂಟ್ ಹಾಕಿಸಿ ಹಿಂದೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಉಳಿದವನ್ನು ಫೋನಿನ ಜೊತೆಗೆ ಇನ್ನೊಂದು ಕಡೆಯೂ ಇಡುತ್ತೇನೆ. ಫೋನ್ ನೀರಿಗೆ ಬಿದ್ದಾಗ ಅಳುವವರನ್ನು ಸಾಕಷ್ಟು ನೋಡಿದ್ದೇನೆ.

ಅದಿರಲಿ, ನನ್ನ ಕೋರಿಕೆಗೆ ಬರುತ್ತೇನೆ. ಈ ಮೂಲೆಗೆ ಬಹುಮಾನ ಇಡಬೇಡಿ. ಇಟ್ಟರೆ ಮತ್ತೆ ಎಲ್ಲರೂ ಸ್ಟೂಲು ಪಕ್ಕಕ್ಕೆ ಸರಿಸಲು ಶುರು ಮಾಡುತ್ತಾರೆ. ಫಿಲ್ಟರ್ ಹಾಕಿ ಬಣ್ಣ ಬದಲಿಸಿದ್ದು ಬೇಡ ಎಂದು ಹೇಳಿ. ಚಿತ್ರದ ಜೊತೆ ತಾರೀಖು ಮತ್ತು ಒಂದು ಸಾಲು ಕಡ್ಡಾಯ ಮಾಡಿ. ಸಾಲಿಲ್ಲದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕಿಡಿ. ಚಿತ್ರದಲ್ಲಿರುವವರ ಒಪ್ಪಿಗೆ ಕೇಳಿದ್ದೀರಾ ಎಂದು ಕೇಳಿ. ಮಕ್ಕಳಿದ್ದರೆ ಇನ್ನೂ ಗಟ್ಟಿಯಾಗಿ ಕೇಳಿ. ಮಗು ಅಳುವುದು ದೊಡ್ಡವರಿಗೆ ಮುದ್ದು, ಆದರೆ ಆ ಮಗು ಮುಂದೆ ದೊಡ್ಡದಾಗುತ್ತದೆ. ಇನ್ನೊಂದು, ಫೋನಿನ ಫೋಟೊ ಒಳಗೆ ತೆಗೆದ ಜಾಗದ ವಿವರವೂ ಸೇರಿಕೊಂಡಿರಬಹುದು. ಮೂಲ ಫೈಲ್ ಕಳಿಸುವ ಮೊದಲು ಅದನ್ನು ತೆಗೆದುಹಾಕುವುದು ಒಳ್ಳೆಯದು ಎಂದು ಓದುಗರಿಗೆ ಒಂದು ಸಾಲು ತಿಳಿಸಿ. ಮನೆಯೊಳಗಿನ ಚಿತ್ರ ಕೇಳುವಾಗ ಮನೆಯ ವಿಳಾಸವನ್ನೂ ತರಿಸಿಕೊಳ್ಳುವುದು ಸರಿಯಲ್ಲ.

ಹಳೆಯ ಚಿತ್ರಗಳನ್ನೂ ತೆಗೆದುಕೊಳ್ಳಿ. ಪೆಟ್ಟಿಗೆಯಲ್ಲಿ ಕಪ್ಪುಬಿಳುಪು ಚಿತ್ರ ಇಟ್ಟುಕೊಂಡಿರುವ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಅವರ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ, ದೊಡ್ಡ ಚೌಕದ್ದಾದರೆ 12. ಆ ಲೆಕ್ಕದಲ್ಲಿ ಬೇಕೆಂದೇ ಯಾರೂ ಸ್ಟೂಲನ್ನು ತೆಗೆಯುತ್ತಿರಲಿಲ್ಲ. ಆದರೂ ಅಂಚಿನಲ್ಲಿ ಬಂದಿರುತ್ತದೆ. ಆ ಅಂಚನ್ನೇ ದೊಡ್ಡದು ಮಾಡಿ ಹಾಕಿ, ಇದೇನು ಎಂದು ಮನೆಯ ಹಿರಿಯರನ್ನು ಕೇಳಿ ಬರೆದು ಕಳಿಸಲು ಓದುಗರಿಗೆ ಹೇಳಿ. ಹಿರಿಯರು ಇರುವಾಗಲೇ ಕೇಳಬೇಕಾದ ಪ್ರಶ್ನೆ ಅದು. ಅಪ್ಪ ಗೋಡೆಯಲ್ಲಿ ಬರೆದಿದ್ದ ಆ ನಂಬರುಗಳಲ್ಲಿ ಎರಡು ಯಾರದ್ದೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಈ ಪತ್ರದ ಜೊತೆ ನನ್ನದೊಂದು ಚಿತ್ರ ಇಟ್ಟಿದ್ದೇನೆ. ಅಂಗಡಿಯ ಒರೆಸುವ ಬಟ್ಟೆಗಳನ್ನು ಒಗೆದು ಕ್ಲಿಪ್ ಹಾಕಿ ಒಣಗಲು ಬಿಟ್ಟಿದ್ದು. ಮನುಷ್ಯರಿಲ್ಲ, ಹಾಗಾಗಿ ಒಪ್ಪಿಗೆಯ ತಾಪತ್ರಯವಿಲ್ಲ. ಹಿಂದೆ ತಾರೀಖು ಮತ್ತು ಒಂದು ಸಾಲು ಇದೆ. ನೀವು ಬೇರೆ ಶೀರ್ಷಿಕೆ ಕೊಡುವುದು ಬೇಡ. ಜಾಗ ಇಲ್ಲದಿದ್ದರೆ ವಾಪಸ್ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ, ನನ್ನ ಹತ್ತಿರ ಇನ್ನೊಂದು ಪ್ರತಿ ಇದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
(ಹೆಸರು ಪ್ರಕಟಿಸುವುದು ಬೇಡ)